ಒಂದು ಸುತ್ತು ಜಾಸ್ತಿ

ಎಲ್ಲ ಶುರುವಾದದ್ದು ಗುಂಯ್ ಎಂಬ ಒಂದು ಸದ್ದಿನಿಂದ. ಯುದ್ಧನೌಕೆಯನ್ನು ಬರೀ ವಿದ್ಯುತ್ತಿನಲ್ಲಿ ಓಡಿಸುವ ಮೋಟರು ಅದು. ಸದ್ದಾಗದಿರುವುದೇ ಅದರ ಹೆಚ್ಚುಗಾರಿಕೆ. ಸದ್ದಾದರೆ ಶತ್ರುವಿಗೆ ನಾವೇ ವಿಳಾಸ ಕೊಟ್ಟಂತೆ. ಮೂರು ವರ್ಷ ಅದಕ್ಕಾಗಿ ಜೀವ ತೇಯ್ದ ಇಂಜಿನಿಯರು ಈ ಬೆಳಿಗ್ಗೆ ಗುಂಡಿ ಒತ್ತಿದರೆ, ಮೋಟರು ಗೊಣಗತೊಡಗಿತು.

ಸಂಜೆ ನಾಲ್ಕಕ್ಕೆ ನೌಕಾಪಡೆಯ ಅಧಿಕಾರಿ ಪರೀಕ್ಷೆಗೆ ಬರುವವರಿದ್ದರು. ಮೋಟರು ಪಾಸಾದರಷ್ಟೇ ಇಂಜಿನಿಯರಿಗೆ ಹತ್ತು ದಿನ ರಜೆ. ಆಗಲೇ ಮೂರು ಸಲ ರದ್ದಾದ ರಜೆ. "ಈ ಸಲಾನೂ ತಪ್ಪಿಸಿದ್ರೆ ಆ ಮೋಟರ್ ಜೊತೇನೇ ಸಂಸಾರ ಮಾಡ್ಕೊಳ್ಳಿ" ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು.

ಸದ್ದು ಕೇಳಿದ್ದೇ ತಡ, ಸಹೋದ್ಯೋಗಿಗಳು ನೆರೆದರು. "ಬೇರಿಂಗ್ ಹೋಗಿದೆ" ಎಂದರು ಕರೆಂಟು ವಿಭಾಗದವರು. "ಕರೆಂಟೇ ಸರಿಯಿಲ್ಲ" ಎಂದರು ಬೇರಿಂಗ್ ವಿಭಾಗದವರು. ಸದ್ದು ಬೇರೆ ಯಾವುದರದೋ ಇರಬಹುದೆಂದು ಇಂಜಿನಿಯರು ಫ್ಯಾನು, ಪಂಪು, ಏಸಿ ಎಲ್ಲ ಆರಿಸಿ ಬೆವರುತ್ತಾ ನೋಡಿದರು. ಅಷ್ಟರಲ್ಲಿ ಬಂದವರೆಲ್ಲ ಸ್ಪ್ಯಾನರು ಹಿಡಿದು, ಯಾವುದಕ್ಕೂ ಇರಲಿ ಎಂದು ಮೋಟರಿನ ಬುಡದ ಬೋಲ್ಟುಗಳನ್ನು ಒಂದೊಂದು ಸುತ್ತು ಬಿಗಿದು ಹೋಗುತ್ತಿದ್ದರು. ಸದ್ದು ಏರುತ್ತಲೇ ಇತ್ತು.

ಮೂರು ಗಂಟೆಗೆ ಸ್ಟೋರ್ ಕೀಪರ್ ಬಂದ. "ನಮ್ಮನೆ ವಾಷಿಂಗ್ ಮೆಷಿನ್ನೂ ಹೀಗೇ ಕುಣೀತಿತ್ತು ಸಾರ್. ಬಿಗಿಯಾಗಿ ಕೂರಿಸಿದೆ, ತೆಪ್ಪಗಾಯ್ತು. ದೊಡ್ಡೋರು ಬರ್ತಾರೆ ಅಂತ ನಿನ್ನೆ ಸಂಜೆನೇ ಇದಕ್ಕೂ ಒಂದು ಸುತ್ತು ಜಾಸ್ತಿ ಬಿಗಿದಿದ್ದೆ."

ಇಂಜಿನಿಯರು ಬಗ್ಗಿ ನೋಡಿದರು. ಮೋಟರಿನ ಕಂಪನವನ್ನು ನುಂಗಬೇಕಾದ ರಬ್ಬರ್ ದಿಂಬುಗಳು ಬೋಲ್ಟುಗಳ ಬಿಗಿತಕ್ಕೆ ಸವೆದ ಚಪ್ಪಲಿಯಂತೆ ಚಪ್ಪಟೆಯಾಗಿದ್ದವು. ಕಂಪನವೆಲ್ಲ ನೆಲಕ್ಕಿಳಿದು ಇಡೀ ಕಟ್ಟಡವೇ ಗುಂಯ್‌ಗುಡುತ್ತಿತ್ತು. ಅವರಿಗೆ ಅಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಮೋಟರು ನಿಲ್ಲಿಸಿ, ಎಲ್ಲರನ್ನೂ ಹೊರಗೆ ಅಟ್ಟಿ, ಹದಿನಾರು ಬೋಲ್ಟುಗಳನ್ನೂ ತಾವೇ ಸಡಿಲಿಸಿದರು.

ನಾಲ್ಕಕ್ಕೆ ಅಧಿಕಾರಿ ಬಂದು ನಿಂತರು. "ಇನ್ನೂ ಶುರು ಮಾಡಿಲ್ವಾ?"

"ಐದು ನಿಮಿಷದಿಂದ ಓಡ್ತಾ ಇದೆ ಸರ್."

ಅಧಿಕಾರಿ ಬೆರಗಾದರು. "ಇಂಥದೇ ಮೋಟರ್ ಕೂರಿಸಿರೋ ನಮ್ಮ ಹಡಗೊಂದು ಗುಂಯ್ ಅಂತಿದೆ. ಇದರ ಮದ್ದು ಯಾರಿಗೆ ಗೊತ್ತು?"

ಹೊಗಳಿಕೆ ಎಂದರೆ ಮುಂದೆ ಬಂದು ನಿಲ್ಲುವ ಸಹೋದ್ಯೋಗಿಗಳೆಲ್ಲ, ಅದೇ ಮೊದಲ ಸಲ, ಒಕ್ಕೊರಲಿನಿಂದ ಇಂಜಿನಿಯರನ್ನು ತೋರಿಸಿದರು. ಇಂಜಿನಿಯರು ಬೋಲ್ಟಿನ ಕತೆ ಹೇಳಬೇಕಾಯಿತು.

"ಹಾಗಾದ್ರೆ ನೀವೇ ಬರಬೇಕು. ಬೋಲ್ಟ್ ಕಂಡ್ರೆ ಬಿಗಿಯೋ ಜನ ನಮ್ಮಲ್ಲೂ ಇದಾರೆ. ಆರು ತಿಂಗಳು ಸಮುದ್ರದಲ್ಲಿ ಮೋಟರ್ ಪಕ್ಕನೇ ಇರಿ. ಹಡಗು ನಾಳೆ ಹೊರಡುತ್ತೆ." ಅಧಿಕಾರಿಯ ಜೊತೆ ಬಂದಿದ್ದ ಸಂಸ್ಥೆಯ ಮುಖ್ಯಸ್ಥರು ನಿಂತಲ್ಲೇ ಆದೇಶಕ್ಕೆ ಸಹಿ ಹಾಕಿದರು.

ಇಂಜಿನಿಯರು ಮನೆಗೆ ಫೋನ್ ಮಾಡಿದರು.

"ಸಹಿ ಬಿತ್ತಾ?" ಹೆಂಡತಿ ಕೇಳಿದಳು.

"ಬಿತ್ತು."

"ಎಷ್ಟು ದಿನಕ್ಕೆ?"

"ಆರು ತಿಂಗಳು."

"ಅಬ್ಬಾ, ಕೊನೆಗೂ ನಿಮ್ಮ ಬೆಲೆ ಗೊತ್ತಾಯ್ತಲ್ಲ ಅವರಿಗೆ. ಇರಿ, ಮಕ್ಕಳಿಗೆ ಹೇಳ್ತೀನಿ" ಎಂದು ಅವಳು ಖುಷಿಯಿಂದ ಫೋನಿಟ್ಟಳು.