ಹಗ್ಗಕ್ಕೆ ಎಂಟೇ ಮಂದಿ

ಹಗ್ಗ ಜಗ್ಗುವುದು ಅಂಥ ಕಷ್ಟದ ಕೆಲಸವಲ್ಲ. ಯಾರು ಜಗ್ಗಬೇಕು, ಯಾರು ಜಗ್ಗಬಾರದು ಅಂತ ಹೇಳುವುದಿದೆಯಲ್ಲ, ಅದು ಕಷ್ಟ. ಬೈಲಹೊಂಗಲದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮಾಸ್ತರ. ಊರಿನ ಹಗ್ಗಜಗ್ಗಾಟದ ತಂಡ ನೋಡಿಕೊಳ್ಳುವ ಕೆಲಸವೂ ನನ್ನ ತಲೆಗೇ ಕಟ್ಟಿದೆ. ಯಾವಾಗ ಕಟ್ಟಿದರು, ಯಾರು ಕಟ್ಟಿದರು ನೆನಪಿಲ್ಲ. ಪ್ರತಿ ವರ್ಷ ಕೊನೆಯ ಪಟ್ಟಿ ಬರೆಯುವ ಹೊತ್ತಿಗೆ ಏನಾದರೊಂದು ಆಗಿಯೇ ಆಗುತ್ತದೆ, ನಾನು ಇನ್ನು ಮುಂದೆ ಈ ಉಸಾಬರಿ ಬೇಡ ಅಂತ ಆಣೆ ಮಾಡುತ್ತೇನೆ, ಮುಂದಿನ ವರ್ಷ ಮತ್ತೆ ಪೆನ್ನು ಹಿಡಿದು ಕೂತಿರುತ್ತೇನೆ.

ಹೋದ ವರ್ಷದ್ದನ್ನು ಹೇಳುತ್ತೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಕಡೆಯ ತಂಡಗಳ ನಡುವೆ ಪಂದ್ಯ. ಮೊದಲಿನ ಸುತ್ತುಗಳಲ್ಲಿ ಯಾರು ಬೇಕಾದರೂ ಹಗ್ಗ ಹಿಡಿಯಬಹುದು, ಒಬ್ಬನಿಗೆ ಹೊಲದ ಕೆಲಸ ಬಂದರೆ ಇನ್ನೊಬ್ಬ. ಫೈನಲ್ಲಿಗೆ ಹಾಗಲ್ಲ. ಎಂಟು ಹೆಸರು ಮೊದಲೇ ಬರೆದು ಕೊಡಬೇಕು, ಎಂಟೂ ಜನರ ತೂಕ ಸೇರಿ ಆರುನೂರಾ ನಲವತ್ತು ಕಿಲೋ ದಾಟಬಾರದು. ಕಿತ್ತೂರಿನವರನ್ನೂ ಸವದತ್ತಿಯವರನ್ನೂ ಎಳೆದು ಹಾಕಿ ನಾವು ಫೈನಲ್ಲಿಗೆ ಬಂದೆವು. ಅಲ್ಲಿಗೆ ನನ್ನ ನಿದ್ದೆ ಹೋಯಿತು.

೧. ಹಸಿ ಮಾಲು

ಎಂಟು ಗಂಡಸರನ್ನು ತೂಗುವುದು ಎಲ್ಲಿ? ಶಾಲೆಯ ತೂಕದ ಯಂತ್ರ ಹತ್ತನೆಯ ಇಯತ್ತೆಯ ಹುಡುಗರಿಗೇ ಸುಸ್ತಾಗಿ ಕೂತಿತ್ತು. ನಮ್ಮ ತಂಡದಲ್ಲಿ ಒಬ್ಬ ಹತ್ತಿಯ ಅಡತಿ ಅಂಗಡಿಯಲ್ಲಿ ಹಮಾಲ. ಅಲ್ಲಿಯೇ ಚೀಲ ತೂಗುವ ಕಾಟಾದ ಮೇಲೆ ನಿಂತರಾಯಿತು ಅಂದ. ಎಲ್ಲರೂ ಹೋದೆವು. ತೂಕ ಮಾಡುವ ಯಜಮಾನರು ಮೂವತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತವರು. ಒಬ್ಬೊಬ್ಬರೇ ಕಾಟಾ ಹತ್ತಿ ಇಳಿದರು, ಅವರು ಯಾರ ಮುಖವನ್ನೂ ನೋಡದೆ ಬರೆದುಕೊಂಡರು. ಕೂಡಿಸಿದರೆ ಆರುನೂರಾ ಮೂವತ್ತೆಂಟು. ಹೇಳಿ ಮಾಡಿಸಿದ ಹಾಗೆ ಬಂತಲ್ಲ ಅಂತ ಆ ಖುಷಿಯಲ್ಲಿ ಗಿರಮಿಟ್ಟು, ಮಿರ್ಚಿ ತಿಂದು ಮನೆಗೆ ಹೋದೆವು.

ಮೂರು ದಿನದ ಮೇಲೆ, ಯಾವುದಕ್ಕೂ ಇರಲಿ ಅಂತ ಆಸ್ಪತ್ರೆಯ ತಕ್ಕಡಿಯಲ್ಲಿ ನೋಡಿದರೆ ಆರುನೂರಾ ಐವತ್ತೈದು. ಮಿರ್ಚಿ ಎಷ್ಟೇ ತಿಂದರೂ ಅಷ್ಟು ಏರುವುದಿಲ್ಲ. ನಾನು ಅಡತಿ ಅಂಗಡಿಗೆ ಓಡಿದೆ. ಹದಿನೇಳು ಕಿಲೋ ಎಲ್ಲಿ ಹೋಯಿತು ಅಂತ ಕೇಳಿದರೆ ಯಜಮಾನರಿಗೆ ಗಾಬರಿಯೇನೂ ಆಗಲಿಲ್ಲ. ಖಾಲಿ ಚೀಲಕ್ಕೂ ಭಾರ ಇರುತ್ತದಲ್ಲ, ಅದಕ್ಕೆ ಪ್ರತಿ ತೂಕಕ್ಕೆ ಎರಡು ಕಿಲೋ ಬಿಟ್ಟು ಬರೆಯುವುದು ಅವರ ರೂಢಿಯಂತೆ. ಇವರು ಚೀಲವಲ್ಲ, ಮನುಷ್ಯರು ಅಂದೆ. ಮನುಷ್ಯರಿಗೂ ಅಂಗಿ ಧೋತರ ಇರುತ್ತವೆ ಅಂದರು. ಸರಿ, ಎಂಟೆರಡಲೆ ಹದಿನಾರಾಯಿತು, ಉಳಿದ ಒಂದು ಕಿಲೋ?

ಅವರು ಲೆಕ್ಕದ ವಹಿ ತೆಗೆದು, ಬೆರಳಿಟ್ಟು ನೋಡಿದರು.

“ಈ ಲೈನ್‌ಮನ್ ಅದಾನಲ್ರಿ, ಇವಂಗ ಮೂರ ಬಿಟ್ಟೇನಿ. ಬೆವತ ಬಂದಿದ್ದ. ಹಸಿ ಮಾಲು.”

೨. ರೊಟ್ಟಿ ಬ್ಯಾಡ ಅಂದವರು

ಹದಿನೈದು ಕಿಲೋ ಇಳಿಯಬೇಕು, ಇರುವುದು ಹತ್ತು ದಿನ. ತಲೆಗೆ ಎರಡೆರಡು ಕಿಲೋ ಇಳಿಸಿ, ಯಾರ ಮನಸ್ಸಿಗೂ ನೋವಿಲ್ಲ ಅಂತ ನಾನು ಹುಕುಂ ಹೊರಡಿಸಿದೆ. ರಾತ್ರಿ ಒಂದೇ ರೊಟ್ಟಿ, ಮೇಲೆ ಮಜ್ಜಿಗೆ. ಎಲ್ಲರೂ ಎರಡು ದಿನ ಪಾಲಿಸಿದರು. ಮೂರನೆಯ ದಿನ ನಾನು ಮಕ್ಕಳಿಗೆ ಕವಾಯತು ಮಾಡಿಸುತ್ತಿರುವಾಗ ನಮ್ಮ ತಂಡದ ಬಸ್ ಡ್ರೈವರನ ಹೆಂಡತಿ ಬಂದು ಬೇವಿನ ಗಿಡದ ಕೆಳಗೆ ನಿಂತರು. ಮಕ್ಕಳನ್ನು ಬಿಡುವ ತನಕ ಸುಮ್ಮನಿದ್ದರು. ಆಮೇಲೆ ಹತ್ತಿರ ಬಂದರು.

“ಇಪ್ಪತ್ತ ವರ್ಷದಾಗ ನನ್ನ ಕೈಯಾನ ರೊಟ್ಟಿ ಬ್ಯಾಡ ಅಂದಿಲ್ರಿ ಅವ್ರು. ಎರಡ ದಿನಾತು, ಒಂದ ತಿಂದ ಕೈ ತೊಳೀತಾರ. ಎಲ್ಲಿ ಉಣ್ಣಾಕತ್ತಾರ ಖರೇ ಹೇಳ್ರಿ, ಸರ್.”

ಎಲ್ಲೂ ಉಣ್ಣುತ್ತಿಲ್ಲ ತಾಯೀ, ಇದು ಹಗ್ಗದ ಸಲುವಾಗಿ, ಅಂತ ತೂಕದ ಕತೆಯನ್ನೆಲ್ಲ ಬಿಡಿಸಿ ಹೇಳಿದೆ. ಅವರು ಕೇಳಿಕೊಂಡು, ಎಲ್ಲರಿಗಿಂತ ಭಾರ ಯಾರು ಅಂದರು. ಗಿರಣಿ ಮಾಮಾ, ನೂರಾ ಎರಡು ಅಂದೆ. ಹೊರಗೆ ಉಳಿದವರಲ್ಲಿ ಗಟ್ಟಿ ಯಾರು ಅಂದರು. ಟ್ರ್ಯಾಕ್ಟರ್ ರಿಪೇರಿಯ ಮಿಸ್ತ್ರಿ, ಎಂಬತ್ತಾರು ಅಂದೆ. ಅವರು ಬೆರಳು ಮಡಚಿ ಎಣಿಸಿದರು. ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಹಾಕಿದರೆ ಹದಿನಾರು ಕಿಲೋ ಇಳಿಯಿತಲ್ಲ, ಅದಕ್ಕೆ ಎಂಟು ಮನೆಯವರು ಉಪವಾಸ ಯಾಕೆ ಅಂತ ಕೇಳಿದರು.

ಆ ಲೆಕ್ಕ ನನಗೆ ಆಸ್ಪತ್ರೆಯ ತಕ್ಕಡಿಯ ಮುಂದೆಯೇ ಹೊಳೆದಿತ್ತು. ತಂಡದ ಎಲ್ಲರಿಗೂ ಹೊಳೆದಿತ್ತು. ಬಾಯಿ ಬಿಟ್ಟು ಹೇಳುವ ಧೈರ್ಯ ಇಲ್ಲದೆ ಎಂಟೂ ಜನ ಮಜ್ಜಿಗೆ ಕುಡಿಯುತ್ತಿದ್ದರು. ನಾನು ಜಗ್ಗುವವನೂ ಅಲ್ಲ, ಆದರೂ ಸಂಕೋಚಕ್ಕೆ ಕುಡಿಯುತ್ತಿದ್ದೆ.

ಹೊರಟವರು ತಿರುಗಿ ನಿಂತು, ತಮ್ಮ ಗಂಡ ಎರಡು ದಿನದಲ್ಲಿ ಎಷ್ಟು ಇಳಿದಿದ್ದಾರೆ ಅಂತ ಕೇಳಿದರು. ಅರ್ಧ ಕಿಲೋ ಅಂದೆ.

“ಸಂಜೀಕ ಸರಿ ಮಾಡತೇನಿ ತಗೋರಿ.”

೩. ಗಿರಣಿಯ ಸದ್ದಿನಲ್ಲಿ

ಗಿರಣಿ ಮಾಮಾ ಅಂದರೆ ಹಿಟ್ಟಿನ ಗಿರಣಿ ನಡೆಸುವವರು. ಐವತ್ನಾಲ್ಕು ದಾಟಿದೆ. ಹದಿನೆಂಟು ವರ್ಷದಿಂದ ಹಗ್ಗದ ತುದಿಗೆ ನಿಲ್ಲುವವರು ಅವರೇ. ಉಳಿದ ಏಳು ಜನ ಕೈಯಿಂದ ಜಗ್ಗುತ್ತಾರೆ. ತುದಿಯವನು ಹಗ್ಗವನ್ನು ಬೆನ್ನಿಗೂ ಹೆಗಲಿಗೂ ಸುತ್ತಿಕೊಂಡು, ಹಿಂದಕ್ಕೆ ವಾಲಿ, ಹಿಮ್ಮಡಿ ನೆಲಕ್ಕೆ ಊರಿ ನಿಲ್ಲಬೇಕು. ಅವನು ಅಲುಗಿದರೆ ತಂಡ ಹೋಯಿತು. ಮಾಮಾ ಅಲುಗಿದ್ದನ್ನು ನಾನು ಕಂಡಿರಲಿಲ್ಲ. ಆದರೆ ಈಚೆಗೆ ಮೊಣಕಾಲು ಕೈಕೊಡುತ್ತಿತ್ತು. ಸವದತ್ತಿಯವರನ್ನು ಸೋಲಿಸಿದ ದಿನ ಬೋರಲಾಗಿ ನೆಲಕ್ಕೆ ಬಿದ್ದರು. ಭೂಮಿತಾಯಿಗೆ ನಮಸ್ಕಾರ ಮಾಡುತ್ತಿದ್ದಾರೆ ಅಂತ ಪೇಪರಿನವರು ಬಂದು ಫೋಟೋ ತೆಗೆದುಕೊಂಡರು. ಮೇಲೇಳಲು ಬರುತ್ತಿರಲಿಲ್ಲ ಅಂತ ನನಗೊಬ್ಬನಿಗೆ ಗೊತ್ತು, ಯಾಕೆಂದರೆ ಎಬ್ಬಿಸಿದವನು ನಾನು.

ಅವರಿಗೆ ಹೇಳಬೇಕು. ಬರೀ ಕೈಯಲ್ಲಿ ಹೋದರೆ ಸರಿ ಕಾಣುವುದಿಲ್ಲ ಅಂತ ಮೊದಲ ದಿನ ಐದು ಕಿಲೋ ಜೋಳ ಒಯ್ದೆ. ಗಿರಣಿಯ ಸದ್ದಿನಲ್ಲಿ ಮಾತಾಡಲು ಆಗಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಹಿಟ್ಟು ಹೊತ್ತು ಬಂದೆ. ಮರುದಿನ ಗೋಧಿ ಒಯ್ದೆ. ಅವರು ಗಿರಣಿ ನಿಲ್ಲಿಸಿ, ಕುರ್ಚಿ ಒರೆಸಿ ಕೂರಿಸಿದರು. ನಾನು ಮಳೆಯ ಬಗ್ಗೆ ಮಾತಾಡಿ, ಹಿಟ್ಟು ಹೊತ್ತು ಬಂದೆ. ಮನೆಯಲ್ಲಿ ಡಬ್ಬಿಗಳೆಲ್ಲ ತುಂಬಿದ್ದವು. ಈ ಟೀಮು ಆರಿಸುವುದು ಇನ್ನೊಂದು ವಾರ ನಡೆದರೆ ನಾವೇ ಹಿಟ್ಟಿನ ಅಂಗಡಿ ಇಡಬಹುದು ಅಂತ ನನ್ನ ಹೆಂಡತಿ ಅಂದಳು.

ಮೂರನೆಯ ದಿನ ಕಡಲೆಬೇಳೆ. ಈ ಸಲ ನನಗೊಂದು ಉಪಾಯ ಹೊಳೆದಿತ್ತು. ಗಿರಣಿ ಧಡಧಡ ನಡೆಯುತ್ತಿರುವಾಗಲೇ ಎಲ್ಲ ಹೇಳಿಬಿಡುವುದು. ಮಾಮಾ ಬೆನ್ನು ತಿರುಗಿಸಿ ಹಿಟ್ಟು ಬೀಳುವುದನ್ನು ನೋಡುತ್ತಿದ್ದರು. ನಾನು ಧೈರ್ಯವಾಗಿ ಶುರು ಮಾಡಿದೆ: ನಿಮ್ಮಷ್ಟು ಗಟ್ಟಿ ಯಾರೂ ಇಲ್ಲ, ಆದರೆ ತೂಕ ಜಾಸ್ತಿ, ಮೊಣಕಾಲೂ ಸರಿಯಿಲ್ಲ, ಈ ಸಲ ನಿಮ್ಮನ್ನು ಬಿಟ್ಟು ಪಟ್ಟಿ ಮಾಡಬೇಕು ಅಂತಿದ್ದೇನೆ. ಇಷ್ಟು ಚೆನ್ನಾಗಿ ನಾನು ಸ್ವಾತಂತ್ರ್ಯ ದಿನದ ಭಾಷಣವನ್ನೂ ಮಾಡಿಲ್ಲ. ಕೊನೆಯ ಮಾತು ಬಾಯಲ್ಲಿರುವಾಗಲೇ ಅವರು ಸ್ವಿಚ್ಚು ಆರಿಸಿದರು. ಎಲ್ಲ ಕಡೆ ಸ್ತಬ್ಧ.

“ಏನಂದ್ರಿ, ಸರ್?”

“ಸಣ್ಣಗ ಬೀಸ್ರಿ ಅಂದ್ನಿ.”

೪. ಎಂಟು ಚೀಟಿ

ಹೆದರಿದವನಿಗೆ ಪ್ರಜಾಪ್ರಭುತ್ವದ ಮೇಲೆ ನಂಬಿಕೆ ಬರುತ್ತದೆ. ಎಂಟೂ ಜನರನ್ನು ಶಾಲೆಯ ಪಡಸಾಲೆಗೆ ಕರೆಸಿ, ಒಬ್ಬೊಬ್ಬರಿಗೆ ಒಂದು ಚೀಟಿ ಕೊಟ್ಟೆ. ಯಾರನ್ನು ಬಿಡಬೇಕೋ ಅವರ ಹೆಸರು ಬರೆಯಿರಿ, ಯಾರು ಬರೆದದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ ಅಂದೆ. ಎಲ್ಲರೂ ಪರೀಕ್ಷೆಗೆ ಕೂತ ಹಾಗೆ ದೂರ ದೂರ ಕೂತು, ಕೈ ಅಡ್ಡ ಹಿಡಿದು ಬರೆದರು. ಚೀಟಿಗಳು ನನ್ನ ಟೊಪ್ಪಿಗೆಯೊಳಗೆ ಬಿದ್ದವು.

ಮೊದಲ ಚೀಟಿ ಖಾಲಿ. ಎರಡನೆಯದೂ ಖಾಲಿ. ಏಳು ಚೀಟಿ ಬಿಚ್ಚಿದೆ, ಏಳೂ ಖಾಲಿ. ಅಷ್ಟು ಹೊತ್ತು ಇವರೆಲ್ಲ ಬರೆದದ್ದೇನು ಅಂತ ನಾನು ಇವತ್ತಿಗೂ ಕೇಳಿಲ್ಲ. ಎಂಟನೆಯದರಲ್ಲಿ ದೊಡ್ಡ ಅಕ್ಷರದಲ್ಲಿ, ಗಿರಾಕಿಗಳ ಹಿಟ್ಟಿನ ಡಬ್ಬಿಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದಿರುತ್ತಾರಲ್ಲ, ಹಾಗೆಯೇ ಮೊದಲು ಹೆಸರು, ಕೆಳಗೆ ತೂಕ: ಗಿರಣಿ. ೧೦೨ ಕಿಲೋ.

ಗುಟ್ಟಿನ ಮತದಾನ ಅಲ್ಲಿಗೆ ಮುಗಿಯಿತು. ಹಮಾಲ ಕಂಬಕ್ಕೆ ಮುಖ ಮಾಡಿ ನಿಂತ. ಲೈನ್‌ಮನ್ ಮೂಗು ಒರೆಸಿಕೊಂಡ. ನನಗಂತೂ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹದಿನೆಂಟು ವರ್ಷ ನಮಗಾಗಿ ನೆಲಕ್ಕೆ ಅಂಟಿ ನಿಂತ ಮನುಷ್ಯ ತನ್ನ ಹೆಸರನ್ನು ತಾನೇ ಹೊಡೆದು ಹಾಕಬೇಕಾಯಿತು, ನನ್ನ ಪುಕ್ಕಲುತನಕ್ಕೆ. ಮಾಮಾ ಮಾತ್ರ ಆರಾಮಾಗಿ ಎದ್ದು, ಗೋಡೆ ಹಿಡಿದು ಮೊಣಕಾಲು ನೆಟ್ಟಗೆ ಮಾಡಿಕೊಂಡರು.

“ದಿನಾ ಬಂದ್ರಿ, ಎರಡ ಸಲ ಗಿರಣಿ ಬಂದ್ ಮಾಡೇನಿ, ಈಗರೆ ಹೇಳತಾರೇನೋ ಅಂತ. ನೀವು ಹೇಳಲೇ ಇಲ್ಲ,” ಅಂದರು. ನಾನು ಏನೋ ಅನ್ನಲು ಹೋದೆ. ಅವರು ಕೈ ಅಡ್ಡ ಮಾಡಿದರು. “ಅದಿರ್ಲಿ. ನಿಮ್ಮ ಕಡ್ಲಿಹಿಟ್ಟ ಅಲ್ಲೇ ಬಿಟ್ಟ ಓಡಿ ಬಂದೀರಿ. ಹುಳಾ ಬೀಳೂದ್ರಾಗ ಒಯ್ರಿ.”

೫. ಮಾರಿ ನೋಡಿದ್ದು

ಮಿಸ್ತ್ರಿ ಮೊದಲು ಒಪ್ಪಲಿಲ್ಲ. ಮಾಮಾನ ಜಾಗದಲ್ಲಿ ನಿಂತರೆ ತನ್ನ ಅಮ್ಮಿ ಮನೆಗೆ ಸೇರಿಸುವುದಿಲ್ಲ ಅಂದ. ಆಮೇಲೆ ಮಾಮಾನೇ ಅವನನ್ನು ನಾಲ್ಕು ದಿನ ಬಯಲಿಗೆ ಕರೆದೊಯ್ದು, ಹಿಮ್ಮಡಿ ಎಲ್ಲಿ ಊರಬೇಕು, ಉಸಿರು ಯಾವಾಗ ಬಿಡಬೇಕು ಎಲ್ಲ ಕಲಿಸಿದರು.

ಫೈನಲ್ ಇದ್ದದ್ದು ತೊರಗಲ್ಲಿನಲ್ಲಿ, ಕೋಟೆಯ ಗೋಡೆಯ ಹತ್ತಿರದ ಬಯಲಲ್ಲಿ. ಎದುರಿಗೆ ರಾಮದುರ್ಗದ ಕಡೆಯವರು, ಒಬ್ಬೊಬ್ಬರದೂ ಮೀಸೆಯೇ ಅರ್ಧ ಕಿಲೋ ತೂಗಬೇಕು. ನಮ್ಮ ತೂಕ ಆರುನೂರಾ ಮೂವತ್ತೊಂಬತ್ತಕ್ಕೆ ಪಾಸಾಯಿತು. ಪಟ್ಟಿಯ ಎಂಟು ಜನರ ಜೊತೆಗೆ ಪಕ್ಕದಲ್ಲಿ ನಿಂತು ಕೂಗಿ ಹುರುಪು ಕೊಡಲು ಒಬ್ಬರಿಗೆ ಅವಕಾಶ ಇರುತ್ತದೆ, ಹಗ್ಗ ಮುಟ್ಟುವಂತಿಲ್ಲ. ಆ ಕೆಲಸ ನಾನು ಮಾಮಾನಿಗೆ ಕೊಟ್ಟೆ. ಕೊಟ್ಟು, ಪಾಪ ಕಳೆಯಿತು ಅಂದುಕೊಂಡೆ.

ಒಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ತುದಿಗೆ ನಿಂತವನಿಗೆ ಕಾಣುವುದು ಮುಂದಿನವನ ಬೆನ್ನು, ಮೇಲಿನ ಆಕಾಶ, ಅಷ್ಟೇ. ಹದಿನೆಂಟು ವರ್ಷ ಜಗ್ಗಿದ ಮಾಮಾ ನಮ್ಮ ತಂಡ ಜಗ್ಗುವುದನ್ನು ಒಂದು ಸಲವೂ ನೋಡಿರಲಿಲ್ಲ.

ಸೀಟಿ ಊದಿದರು. ಮಾಮಾ “ಹೈಸಾ” ಅಂತ ಕೂಗಿ, ಮೊದಲ ಬಾರಿಗೆ ತಮ್ಮವರ ಮುಖ ನೋಡಿದರು. ಲೈನ್‌ಮನ್‌ನ ನಾಲಿಗೆ ಒಂದು ಮಗ್ಗುಲಿಗೆ ಹೊರಗೆ ಬಂದಿತ್ತು. ಡ್ರೈವರ್ ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕೋಳಿಮೊಟ್ಟೆಯಷ್ಟು ತೆರೆದಿದ್ದ. ಮಿಸ್ತ್ರಿ ಹುಣಸೆಕಾಯಿ ಕಚ್ಚಿದ ಕೂಸಿನ ಹಾಗೆ ತುಟಿ ಚೂಪು ಮಾಡಿದ್ದ. ಮಾಮಾನ ಎರಡನೆಯ “ಹೈಸಾ” ಅರ್ಧಕ್ಕೆ ನಿಂತಿತು. ಮೂರನೆಯದು ಬರಲೇ ಇಲ್ಲ, ನಗು ಬಂತು. ನೂರಾ ಎರಡು ಕಿಲೋ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಗುವುದನ್ನು ಕಂಡು ಹಮಾಲನಿಗೆ ತಡೆಯಲಾಗಲಿಲ್ಲ. ಅವನ ನಗು ಒಬ್ಬರಿಂದ ಒಬ್ಬರಿಗೆ ದಾಟಿತು. ನಗುತ್ತ ಹಗ್ಗ ಹಿಡಿಯಲು ಬರುವುದಿಲ್ಲ. ಮೊದಲ ಸುತ್ತು ಸೋತೆವು.

ಎರಡನೆಯ ಸುತ್ತಿಗೆ ತಂಡಗಳು ಬದಿ ಬದಲಿಸುತ್ತವೆ. ಮಾಮಾ ಎಲ್ಲಿ ನಗುತ್ತ ಕುಕ್ಕರಿಸಿದ್ದರೋ ಅಲ್ಲಿಯೇ ಇದ್ದರು, ಏಳಲು ಆಗುತ್ತಿರಲಿಲ್ಲ. ಈಗ ಅವರ ಮುಂದೆ ರಾಮದುರ್ಗದವರ ಮುಖಗಳು, ನಗು ಮತ್ತೆ ಉಕ್ಕಿತು. ಮೀಸೆಯವರು ಅಭಿಮಾನದಿಂದ ಸ್ವಲ್ಪ ಹೊತ್ತು ತಡೆದರು. ಆಮೇಲೆ ಅವರಲ್ಲೊಬ್ಬ, ಯಾಕೆ ನಗುತ್ತೀರಿ ಅಂತ ಕೇಳಲು ಬಾಯಿ ತೆರೆದ. ಉಸಿರು ಹೋಯಿತು, ಕಾಲು ಜಾರಿತು, ಎಂಟೂ ಮೀಸೆ ಗೆರೆ ದಾಟಿ ಬಂದವು.

ಎದುರಿನವರು ತಕರಾರು ತೆಗೆದರು. ಅಂಪೈರು ನಿಯಮದ ಪುಸ್ತಕ ತಿರುವಿದರು. ಬೈದರೆ ಶಿಕ್ಷೆ ಇತ್ತು, ನಕ್ಕರೆ ಇರಲಿಲ್ಲ. ಕೊನೆಗೆ ಮಾಮಾನನ್ನು ಇಬ್ಬರು ಎಬ್ಬಿಸಿ, ಕೋಟೆಯ ಗೋಡೆಗೆ ಮುಖ ಮಾಡಿ ಕೂರಿಸಿದರು. ಮೂರನೆಯ ಸುತ್ತು ಬಹಳ ಹೊತ್ತು ನಡೆಯಿತು. ಮಿಸ್ತ್ರಿಯ ಹಿಮ್ಮಡಿ ಎರಡು ಗೇಣು ನೆಲದೊಳಗೆ ಇಳಿದಿತ್ತು, ಆದರೆ ಹುಡುಗ ಅಲುಗಲಿಲ್ಲ. ಗೆದ್ದೆವು.

ಎಲ್ಲರೂ ಕುಣಿಯುತ್ತಿರುವಾಗ ನಾನು ಗೋಡೆಯ ಕಡೆ ನೋಡಿದೆ. ಮಾಮಾನ ಭುಜ ಅಲುಗುತ್ತಿತ್ತು, ಬಾಯಲ್ಲಿ ಟಾವೆಲ್ ತುರುಕಿಕೊಂಡಿದ್ದರು. ಅವರ ಜಾಗ ಕಿತ್ತುಕೊಂಡು, ಗೆದ್ದದ್ದನ್ನೂ ನೋಡದ ಹಾಗೆ ಮಾಡಿದೆನಲ್ಲ ಅನಿಸಿತು. ಹೋಗಿ ಪಕ್ಕದಲ್ಲಿ ಕೂತೆ. ಅವರು ತಿರುಗಿದರು. ಕಣ್ಣಲ್ಲಿ ನೀರಿತ್ತು, ಅತ್ತದ್ದೂ ಇತ್ತು, ನಕ್ಕದ್ದೂ ಇತ್ತು.

“ಇಷ್ಟ ವರ್ಷ ಎಲ್ಲಾರ ಬೆನ್ನ ನೋಡೀನ್ರಿ, ಸರ್. ಮಾರಿ ಇವತ್ತ ನೋಡಿದ್ನಿ. ನಾನೂ ಹಂಗ ಕಾಣತಿದ್ನೇನ್ರಿ?”

“ನಿಮ್ಮದು ಇನ್ನೂ ಖರಾಬ್ ಇತ್ರಿ, ಮಾಮಾ,” ಅಂದೆ. ಅವರ ಮುಖ ನೋಡಿ ನಾನು ಹೇಳಿದ ಮೊದಲ ನಿಜ ಅದು.

ಅವರು ಮತ್ತೊಮ್ಮೆ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಟಾವೆಲ್ಲಿನಿಂದ ಕಣ್ಣು ಒರೆಸಿಕೊಂಡು, ನನ್ನನ್ನೇ ದಿಟ್ಟಿಸಿ ನೋಡಿದರು.

“ಇಷ್ಟ ಚೊಲೋ ಆಟ ಅಂತ ಗೊತ್ತಿದ್ರ ಹತ್ತ ವರ್ಷದ ಹಿಂದನ ಹಗ್ಗಾ ಬಿಟ್ಟ ಕುಂತ ನೋಡತಿದ್ನಿ. ನೀವರೆ ಬಾಯಿ ಬಿಟ್ಟ ಹೇಳಬಾರದಿತ್ತೇನ್ರಿ, ಸರ್?”