ಶಿಸ್ತು ಮೇಷ್ಟ್ರ ಮೀಟಿಂಗು

ಎಲ್ಲ ಎಡವಟ್ಟಿಗೂ ಮೂಲ ಆ ಹಾಳು ಪದ. ಒಂದೊಂದು ಜ್ಞಾನಶಾಖೆಯನ್ನೂ ಪಂಡಿತರು 'ಶಿಸ್ತು' ಎನ್ನುತ್ತಾರೆ, ಹಲವು ಶಾಖೆ ಬೆರೆತರೆ 'ಅಂತರಶಿಸ್ತೀಯ'. 'ಅಂತರಶಿಸ್ತೀಯ ಸಂಶೋಧನೆ' ಎಂದು ಒಂದೇ ಉಸಿರಿನಲ್ಲಿ ಹೇಳಬಲ್ಲವರು ಇಡೀ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಮೇಷ್ಟ್ರೊಬ್ಬರೇ. ಉಳಿದವರ ನಾಲಿಗೆ ಅರ್ಧದಾರಿಯಲ್ಲೇ ಎಡವುತ್ತಿತ್ತು. ಹಾಗಾಗಿ ಕುಲಪತಿಯಿಂದ ಅಟೆಂಡರ್‌ವರೆಗೆ ಎಲ್ಲರೂ ಅವರನ್ನು 'ಶಿಸ್ತು ಮೇಷ್ಟ್ರು' ಎನ್ನುತ್ತಿದ್ದರು. ಅಂಗಿಯ ಗುಂಡಿಯನ್ನೂ ನೆಟ್ಟಗೆ ಹಾಕಿಕೊಳ್ಳಲು ಬಾರದ ಮನುಷ್ಯನಿಗೆ ಅಂಥ ಹೆಸರು.

ಪಾಪ, ಅವರ ಸಿದ್ಧಾಂತವೇನೋ ಚೆನ್ನಾಗಿಯೇ ಇತ್ತು. ವಿಜ್ಞಾನ ಲ್ಯಾಬಿನದಲ್ಲ, ಸಮಾಜದ್ದು. ಮೇಜಿನ ಮೇಲೆ ಒಂದೇ ಸಮಸ್ಯೆ ಇಟ್ಟು ಕೂರಿಸಿದರೆ ಹಾವು ಮುಂಗುಸಿಯಂತಿರುವ ವಿಭಾಗಗಳೂ ಒಮ್ಮತಕ್ಕೆ ಬರುತ್ತವೆ. ಹೀಗೆಂದು ದಿಂಬಿನಷ್ಟು ದಪ್ಪದ ಪುಸ್ತಕ ಬರೆದಿದ್ದರು. ಒಬ್ಬರೂ ಓದಿರಲಿಲ್ಲ. ತತ್ವಶಾಸ್ತ್ರದವರು ಅವರನ್ನು ವಿಜ್ಞಾನದ ಕಡೆ ತಳ್ಳುತ್ತಿದ್ದರು, ವಿಜ್ಞಾನದವರು ತತ್ವಶಾಸ್ತ್ರದ ಕಡೆ. ಎರಡು ಬಾಗಿಲ ನಡುವೆ ನಿಂತೇ ತಲೆ ನೆರೆತಿತ್ತು, ನೌಕರಿ ಇನ್ನೂ ತಾತ್ಕಾಲಿಕ. ಇವತ್ತು ಮಧ್ಯಾಹ್ನದ ಅಂತರಶಿಸ್ತೀಯ ಸಮಿತಿಯಲ್ಲಿ ಯಾವುದಾದರೂ ಒಂದು ವಿಭಾಗ 'ಇವರು ನಮ್ಮವರು' ಎಂದರೆ ಕೆಲಸ ಕಾಯಂ. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು.

"ಭಾವ ಸೈನ್ಸಾ ಆರ್ಟ್ಸಾ ಅಂತ ನನ್ನ ತಮ್ಮ ಕೇಳ್ದಾಗೆಲ್ಲ ಮುಖ ಎಲ್ಲಿಡ್ಲಿ ಅನ್ಸುತ್ತೆ. ಯಾವುದೋ ಒಂದಕ್ಕೆ ಸೇರ್ಕೊಂಡು ಬನ್ನಿ ಇವತ್ತು," ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು.

ಪಕ್ಕದ ಕೋಣೆಯ ರಸಾಯನಶಾಸ್ತ್ರದ ಮೇಡಂ ಕೇಳದೆಯೇ ಬಂದು ಬುದ್ಧಿ ಹೇಳಿದರು. "ನೀವು ಪುಸ್ತಕದ ಭಾಷೇಲಿ ಶುರು ಮಾಡಿದ್ರೆ ಅವರು ಆಕಳಿಸ್ತಾರೆ. ಸಾದಾ ಮಾತಲ್ಲಿ, ಧೈರ್ಯವಾಗಿ ಹೇಳಿ."

ಮೇಷ್ಟ್ರು ತಲೆಯಾಡಿಸುವಷ್ಟರಲ್ಲಿ ಅಟೆಂಡರ್ ಬಂದ. "ಸಾರ್, ಶಿಸ್ತು ಸಮಿತಿಯವರು ಕರೀತಿದಾರೆ."

ಅವನದ್ದೂ ತಪ್ಪಿಲ್ಲ. ಜೀವಶಾಸ್ತ್ರದ ಲ್ಯಾಬಿನಿಂದ ದುಬಾರಿ ಸೂಕ್ಷ್ಮದರ್ಶಕವೊಂದು ಕಾಣೆಯಾಗಿ, ಅದರ ವಿಚಾರಣೆಗೆ ಶಿಸ್ತು ಸಮಿತಿ ಕೂತಿತ್ತು. 'ಸಂಬಂಧಪಟ್ಟವರನ್ನು ಕರೆದುಕೊಂಡು ಬಾ' ಎಂದಿದ್ದರು. ಶಿಸ್ತಿಗೆ ಸಂಬಂಧಪಟ್ಟವರೆಂದರೆ ಅವನಿಗೆ ಗೊತ್ತಿದ್ದದ್ದು ಇವರೊಬ್ಬರೇ.

ಮೇಜಿನ ಆಚೆ ಜೀವಶಾಸ್ತ್ರ, ಭೌತಶಾಸ್ತ್ರ, ಸಮಾಜಶಾಸ್ತ್ರ, ತತ್ವಶಾಸ್ತ್ರ ನಾಲ್ಕರ ಮುಖ್ಯಸ್ಥರೂ ಕೂತಿದ್ದರು. ನಾಲ್ವರನ್ನೂ ಒಟ್ಟಿಗೆ ಕಂಡು ಮೇಷ್ಟ್ರ ಎದೆ ತುಂಬಿ ಬಂತು.

"ನಿಮ್ಮ ಮೇಲಿರೋ ಮಾತು ನಿಜಾನಾ?" ಅಟೆಂಡರ್ ಕರೆತಂದವರೇ ಆರೋಪಿ ಎಂದುಕೊಂಡು ಜೀವಶಾಸ್ತ್ರದವರು ಕೇಳಿದರು.

"ಪೂರ್ತಿ ನಿಜ. ಶಿಸ್ತಿನ ಗೆರೆ ದಾಟೋದೇ ನನ್ನ ಕೆಲಸ. ಒಂದು ವಿಭಾಗದಲ್ಲಿ ಸಿಕ್ಕಿದ್ದನ್ನ ಇನ್ನೊಂದಕ್ಕೆ ಸಾಗಿಸ್ತೀನಿ."

ನಾಲ್ವರೂ ಮುಖ ಮುಖ ನೋಡಿಕೊಂಡರು.

"ನಮ್ಮ ವಿಭಾಗದಿಂದ್ಲೂ?" ಎಂದರು ಜೀವಶಾಸ್ತ್ರದವರು.

"ನಿಮ್ಮಲ್ಲಿಂದಲೇ ಜಾಸ್ತಿ. ನಿಮಗೆ ಗೊತ್ತೇ ಆಗಿರಲ್ಲ."

"ತಗೊಂಡು ಏನ್ಮಾಡಿದ್ರಿ?"

"ಬೀದಿಗೆ ತಂದೆ. ಲ್ಯಾಬಿನಲ್ಲಿ ಬೀಗ ಹಾಕಿಟ್ರೆ ಜನಕ್ಕೇನು ಉಪಯೋಗ?"

ಸಮಾಜಶಾಸ್ತ್ರದವರು ಉಗುಳು ನುಂಗಿದರು. "ನೀವೊಬ್ಬರೇನಾ, ಇನ್ಯಾರಾದ್ರೂ ಇದಾರಾ?"

"ಒಬ್ಬನ ಕೈಲಿ ಆಗೋ ಕೆಲಸಾನಾ ಇದು? ರಸಾಯನಶಾಸ್ತ್ರದ ಮೇಡಂ ತುಂಬ ಸಹಾಯ ಮಾಡಿದಾರೆ. ಧೈರ್ಯವಾಗಿ ಹೇಳಿ ಅಂತ ಅವರೇ ಕಳಿಸಿದ್ರು."

ಭೌತಶಾಸ್ತ್ರದವರು ಕಾವಲುಗಾರನನ್ನು ಕರೆಸಲು ಫೋನಿಗೆ ಕೈಹಾಕಿದರು. ಅಷ್ಟರಲ್ಲಿ ಅದೇ ಫೋನು ಹೊಡೆದುಕೊಂಡಿತು. ಸೂಕ್ಷ್ಮದರ್ಶಕ ಸಿಕ್ಕಿತ್ತು, ಅದೂ ಭೌತಶಾಸ್ತ್ರದವರದೇ ಬೀರುವಿನಲ್ಲಿ. ಎರವಲು ತಂದು ಮರೆತಿದ್ದರಂತೆ. ಅವರು ಮುಖ ಹುಳ್ಳಗೆ ಮಾಡಿಕೊಂಡು ಕೂತರು.

"ಹಾಗಾದ್ರೆ ಇವರು ಇಷ್ಟೊತ್ತು ಒಪ್ಪಿಕೊಂಡಿದ್ದು ಏನನ್ನ?" ಎಂದರು ತತ್ವಶಾಸ್ತ್ರದವರು.

ಮೇಷ್ಟ್ರಿಗೆ ಆಗ ಅರ್ಥವಾಯಿತು. ಬೆವರು ಒರೆಸಿಕೊಳ್ಳುತ್ತ, "ಇದು ನನ್ನ ಅಂತರಶಿಸ್ತೀಯ ಸಮಿತಿ ಅಲ್ವಾ? ಅಯ್ಯೋ, ಅದಕ್ಕೆ ಹೊತ್ತಾಯ್ತು," ಎಂದು ಬಾಗಿಲ ಕಡೆ ತಿರುಗಿದರು.

"ತಾಳಿ," ಜೀವಶಾಸ್ತ್ರದವರು ನಕ್ಕರು. "ಆ ಸಮಿತೀಲೂ ನಾವೇ ನಾಲ್ವರು ಇರೋದು. ಈಗ್ಲೇ ಮುಗಿಸಿಬಿಡೋಣ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಹೊರಗೆ ಬೆಂಚಿನ ಮೇಲೆ ಕಾಯಲು ಹೇಳಿದರು. ಆ ನಾಲ್ವರು ಎಂದೂ ಯಾವುದಕ್ಕೂ ಒಮ್ಮತ ಸೂಚಿಸಿದವರಲ್ಲ. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂಬುದಕ್ಕೇ ಒಂದು ಮಧ್ಯಾಹ್ನ ಕಳೆದವರು. ಸಂಜೆಯಾದೀತು ಎಂದುಕೊಂಡು ಮೇಷ್ಟ್ರು ಕೂತರು, ಬೆಂಚು ಬೆಚ್ಚಗಾಗುವ ಮೊದಲೇ ಒಳಗೆ ಕರೆದರು.

"ಅವಿರೋಧ ತೀರ್ಮಾನ," ಎಂದರು ಜೀವಶಾಸ್ತ್ರದವರು. "ನಮ್ಮ ನಾಲ್ಕು ವಿಭಾಗ ಒಂದೇ ಮಾತಿಗೆ ಬಂದದ್ದು ಇದೇ ಮೊದಲು."

ಮೇಷ್ಟ್ರು ಚಂಗನೆ ಮೇಜಿನ ಹತ್ತಿರ ನೆಗೆದರು. "ನಾನು ಬರೆದದ್ದು ಅದನ್ನೇ ಅಲ್ವಾ? ಮೇಜಿನ ಮೇಲೆ ಒಂದೇ ಸಮಸ್ಯೆ ಇಟ್ರೆ..."

ಹೇಳುತ್ತ ಮೇಜಿನ ಕಡೆ ನೋಡಿದರು. ಮೇಜು ಖಾಲಿಯಿತ್ತು. ಅದರ ಮುಂದೆ ನಿಂತಿದ್ದವರು ಅವರೊಬ್ಬರೇ.

"ನೀವು ನಮ್ಮ ನಾಲ್ಕರಲ್ಲಿ ಯಾವ ವಿಭಾಗದವರೂ ಅಲ್ಲ ಅಂತ ತೀರ್ಮಾನ ಆಯ್ತು," ಎಂದರು ತತ್ವಶಾಸ್ತ್ರದವರು, ಸ್ವಲ್ಪ ಬೇಜಾರಿನಿಂದಲೇ. "ಆದರೆ ನಿಮ್ಮ ಸಿದ್ಧಾಂತ ಸರಿ ಇದೆ ಬಿಡಿ."

ಮನೆಯ ಬಾಗಿಲಲ್ಲೇ ಹೆಂಡತಿ ಕಾಯುತ್ತಿದ್ದಳು. "ಏನಂದ್ರು?"

ಅವಳ ಮುಖ ನೋಡಿ ಮೇಷ್ಟ್ರು ಚಪ್ಪಲಿ ಬಿಚ್ಚುತ್ತ ನಿಂತರು. "ಎಲ್ಲರೂ ಒಂದೇ ಮಾತು ಹೇಳಿದ್ರು ಕಣೇ. ಒಬ್ಬರೂ ವಿರೋಧ ಮಾಡ್ಲಿಲ್ಲ."

"ಅಬ್ಬ, ಕೊನೆಗೂ ಆಯ್ತಲ್ಲ," ಎಂದು ಕಣ್ಣೊರೆಸಿಕೊಂಡು, ಅವರು ಬಾಯಿ ತೆರೆಯುವುದರೊಳಗೆ ಅವಳು ತಮ್ಮನಿಗೆ ಫೋನು ಮಾಡಿದಳು.