ಜುಹೂ ದಂಡೆಯಲ್ಲೊಂದು ಕಣ

"ಸಮುದ್ರಾ ತೋರ್ಸಾಕ ನನಗ ಯಾರೂ ಬ್ಯಾಡ್ರಿ. ಊರಿಗೆಲ್ಲಾ ದಾರಿ ಹೇಳಾಂವ ನಾನು!" ಎಂದು ಅಮ್ಮಿನಬಾವಿಯ ಜೋಳದ ವ್ಯಾಪಾರಿ ಮೈಲಾರಲಿಂಗಪ್ಪ ಮೀಸೆ ತಿರುವಿದ. ಮುಂಬಯಿಗೆ ಹೋಗಿಬರುವುದೇ ದೊಡ್ಡ ಸುದ್ದಿಯಾಗಿದ್ದ ಕಾಲವದು. ಹೆಂಡತಿ ಸಂಗವ್ವನನ್ನು ಕಟ್ಟಿಕೊಂಡು, ಅಲ್ಲಿ ಗಿರಣಿಯ ಗುಮಾಸ್ತನಾಗಿದ್ದ ಷಡ್ಡಕ ಫಕೀರಪ್ಪನ ಮನೆಗೆ ಬಂದಿದ್ದ. ಷಡ್ಡಕನ ಬೆನ್ನು ಹತ್ತಿ ಊರು ನೋಡಿದರೆ ಗಂಡಸಿನ ಮಾನ ಏನಾಗಬೇಕು!

ಚೌಪಾಟಿಯಲ್ಲಿ ಚುರುಮುರಿ ತಿಂದು, "ನಮ್ಮ ಹುಬ್ಬಳ್ಳಿ ಗಿರ್ಮಿಟ್ಟಿನ ಮುಂದ ಇದೇನೂ ಅಲ್ಲ" ಎಂದು ತೀರ್ಪು ಕೊಟ್ಟ. ವರಳಿಯ ತೆರೆಗಳು "ಬರೇ ಗದ್ದಲ". ಜುಹೂದಲ್ಲಿ ಮಾತ್ರ ಕಣ್ಣರಳಿಸಿದ. ನೀರು ಎಲ್ಲೋ ದೂರ ಸರಿದು, ತೆಂಗಿನ ಮರಗಳ ಮುಂದೆ ಮಟ್ಟಸವಾದ ನೆಲ ಬಿದ್ದುಕೊಂಡಿತ್ತು.

"ಜೋಳಾ ರಾಶಿ ಮಾಡಾಕ ಎಂಥಾ ಕಣ ಐತಿ ನೋಡ! ಸಗಣಿ ಸಾರಿಸೂದ ಬ್ಯಾಡ. ಇಂಥಾದ್ದು ಖಾಲಿ ಬಿಟ್ಟಾರಲ್ಲ, ಈ ಮಂದಿಗೆ ಬುದ್ಧಿ ಇಲ್ಲ!"

"ಮಂದಿ ಎಲ್ಲಾ ಗಿಡದ ಬುಡಕ ಕುಂತಾರ್ರಿ. ನಾವೂ ಅಲ್ಲೇ ಕೂಡೂಣು," ಎಂದಳು ಸಂಗವ್ವ.

"ನೀ ಸುಮ್ನಿರ. ಕಣದಾಗ ಹುಟ್ಟಿ ಬೆಳದಾಂವ ನಾನು!"

ನಟ್ಟನಡುವೆ ಜಮಖಾನೆ ಹಾಸಿ ರೊಟ್ಟಿ ಬುಟ್ಟಿ, ಕೋಟು, ಚಪ್ಪಲಿ ಇಟ್ಟ. ಗಾಳಿಗೆ ಹಾರೀತೆಂದು ತಲೆಗೆ ಸುತ್ತಿದ್ದ ಮದುವೆಯ ರುಮಾಲನ್ನೂ ತೆಗೆದು ಬುಟ್ಟಿಯೊಳಗೆ ಭದ್ರ ಮಾಡಿದ.

ಮೀನುಗಾರರ ದೋಣಿ ನೋಡಿ ಮರಳುವಷ್ಟರಲ್ಲಿ ಉಬ್ಬರದ ನೀರು ಏರಿ ಕಣವೇ ಮಾಯ! ಜಮಖಾನೆ ಮುಳುಗಿತ್ತು, ಬುಟ್ಟಿ ಬೋರಲಾಗಿ ತೇಲುತ್ತಿತ್ತು. ರುಮಾಲಂತೂ ಉದ್ದಕ್ಕೆ ಬಿಚ್ಚಿಕೊಂಡು ಅರಬಸ್ತಾನದ ಹಾದಿ ಹಿಡಿದಿತ್ತು.

"ಏಯ್! ನಿಲ್ಲಲೇ!" ಎಂದು ಸಮುದ್ರಕ್ಕೇ ದಬಾಯಿಸುತ್ತ, ಧೋತರ ಎತ್ತಿಕೊಂಡು ನುಗ್ಗಿದ. ತೆರೆಯೊಂದು ತಳ್ಳಿತು. ಧೊಪ್ಪನೆ ಕುಂತ, ಬಾಯಿ ತುಂಬ ಉಪ್ಪುನೀರು.

"ಖಾಲಿ ಐತಿ ಅಂದ್ರಿ. ಕಣದ ಮಾಲಕ ಬಂದ ನೋಡ್ರಿ!" ಸಂಗವ್ವ ಸೆರಗು ಬಾಯಿಗೊತ್ತಿ ನಕ್ಕಳು.

ರೊಟ್ಟಿ ಹೋದರೆ ಹೋಗಲಿ. ಸತ್ತವರ ಮನೆಗೆ ಹೋದವನಂತೆ ಬರಿದಲೆಯಲ್ಲಿ ಷಡ್ಡಕನ ಮುಂದೆ ನಿಲ್ಲುವುದು ಹೇಗೆ? "ನಿನಗ ಕೈ ಮುಗೀತೇನಿ. ನಡದದ್ದು ಹೇಳಬ್ಯಾಡ. ಏನರ ಹೇಳಿ ನನ್ನ ಮಾನಾ ಉಳಸು," ಎಂದು ದಾರಿಯುದ್ದಕ್ಕೂ ಹೆಂಡತಿಗೆ ಗೋಗರೆದ.

ಫಕೀರಪ್ಪ ಬಾಗಿಲಲ್ಲೇ ನಿಂತಿದ್ದ. ಬರಿದಲೆಯಿಂದ ಬರಿಗಾಲಿನವರೆಗೆ ಒಮ್ಮೆ ನೋಡಿದ.

"ಸಮುದ್ರಾ ನೋಡಿ ಬಂದ್ರೇನ್ರಿ? ರುಮಾಲ ಎಲ್ಲಿ?"

ಮೈಲಾರಲಿಂಗಪ್ಪ ಹೆಂಡತಿಯ ಕಡೆ ನೋಡಿದ. ಗಂಡನ ಮಾನ ಉಳಿಸಲು ಸಂಗವ್ವನೇ ಮುಂದೆ ಬಂದಳು.

"ಏನ್ ಹೇಳೂದ್ರಿ ಮಾಮಾ, ಸಮುದ್ರಾ ಭಾಳ ಸಿಟ್ಟಿಗೆದ್ದಿತ್ತು. ಇವರು ರುಮಾಲ ತಗದು ಅದರ ಕಾಲಾಗ ಇಟ್ಟು, ತಪ್ಪಾತು ಅಂತ ಕೇಳಿಕೊಂಡ ಬಂದ್ರು!"